ಮೃತರ ಕುರಿತು ಸಾಕ್ಷಿ: ಪ್ಯಾವಿಲ್ಯಾಂಡ್ ಗುಹೆಯ ಮೂಳೆಗಳೂ ಅವುಗಳ ಕಾಲನಿರ್ಣಯವೂ

ಪೀಠಿಕೆ

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರ ಯುವಜನರ ಶಿಬಿರದಲ್ಲಿ ಆದಿಕಾಂಡದ ಮೊದಲ ಅಧ್ಯಾಯಗಳನ್ನು ಕುರಿತು ಮಾತನಾಡುವ ಸಂದರ್ಭ ನಮಗೆ ಒದಗಿತ್ತು. ಉಪನ್ಯಾಸ ಮುಗಿದ ಮೇಲೆ, ವಿಜ್ಞಾನದ ಪದವಿಗೆ ಓದುತ್ತಿದ್ದ ಯುವತಿಯೊಬ್ಬಳು ಎದ್ದು ನಿಂತು, ಗುಹೆಗಳಲ್ಲಿ ದೊರೆತಿರುವ ಮೂವತ್ತು ನಲವತ್ತು ಸಾವಿರ ವರ್ಷಗಳ ಹಿಂದಿನ ಮಾನವ ಮೂಳೆಗಳ ವಿಷಯದಲ್ಲಿ ಧರ್ಮಸಭೆಯ ನಿಲುವೇನು ಎಂದು ಕೇಳಿದಳು. ನಾವು ಸಿದ್ಧವಾಗಿಟ್ಟುಕೊಂಡಿದ್ದ ಉತ್ತರವನ್ನೇ ಕೊಟ್ಟೆವು. ವಿಜ್ಞಾನಿಗಳು ಹೇಳುವ ಕಾಲಮಾನ ಸ್ಥಿರವಲ್ಲ; ವೇಲ್ಸ್ ನಾಡಿನ ಪ್ಯಾವಿಲ್ಯಾಂಡ್ ಗುಹೆಯ ಒಂದೇ ಅಸ್ಥಿಪಂಜರಕ್ಕೆ ಮೊದಲು ಸುಮಾರು ಎರಡು ಸಾವಿರ ವರ್ಷ, ಆಮೇಲೆ ಹದಿನೆಂಟು ಸಾವಿರ, ತರುವಾಯ ಇಪ್ಪತ್ತಾರು ಸಾವಿರ, ಈಗ ಮೂವತ್ತಮೂರು ಸಾವಿರ ಎನ್ನುತ್ತಿದ್ದಾರೆ; ಇಂಥ ಲೆಕ್ಕಗಳಿಗಾಗಿ ವಿಶ್ವಾಸಿಯು ಕಳವಳಪಡಬೇಕಾಗಿಲ್ಲ ಎಂದೆವು. ಆಕೆ ವಿನಯದಿಂದಲೇ, "ಲೆಕ್ಕ ಬದಲಾಗಿದೆ ನಿಜ ಫಾದರ್. ಆದರೆ ಪ್ರತಿ ಸಲವೂ ಒಂದೇ ಕಡೆಗೆ ಬದಲಾಗಿದೆಯಲ್ಲ, ಅದೇಕೆ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ಉತ್ತರಿಸಲಾಗದ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಪ್ಯಾವಿಲ್ಯಾಂಡಿನ ಮೂಳೆಗಳ ಕಥೆಯನ್ನು ನಾವು ಅದುವರೆಗೆ ವಾದಕ್ಕೆ ಬೇಕಾದಷ್ಟು ಮಾತ್ರ ಓದಿದ್ದೆವು; ಪೂರ್ಣವಾಗಿ ಓದಿದಾಗ ಅದು ಗುರುಗಳಾದ ನಮಗೇ ಸಂಬಂಧಿಸಿದ ಕಥೆಯೆಂದು ತಿಳಿಯಿತು. ಏಕೆಂದರೆ ಆ ಮೂಳೆಗಳನ್ನು ಮೊದಲು ಅಗೆದು ತೆಗೆದವರೂ ಒಬ್ಬ ಗುರುವೇ. ಅದೇ ಕಾಲದಲ್ಲಿ ಇನ್ನೊಂದು ಗುಹೆಯಲ್ಲಿ ಅವರಿಗಿಂತ ಸ್ಪಷ್ಟವಾಗಿ ಸತ್ಯವನ್ನು ಕಂಡು ಬಾಯಿ ತೆರೆಯಲು ಹಿಂಜರಿದವರೂ ಒಬ್ಬ ಗುರುವೇ. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯು, ತಮ್ಮ ಪರವಾಗಿ ತಾವು ಮಾತನಾಡಲಾರದ ಮೃತರ ವಿಷಯದಲ್ಲಿಯೂ ನಮ್ಮನ್ನು ಕಟ್ಟಿಹಾಕುತ್ತದೆ ಎಂಬುದನ್ನು ಈ ಇತಿಹಾಸದ ಮೂಲಕ ತೋರಿಸುವುದು ನಮ್ಮ ಉದ್ದೇಶ.

1. ಬಕ್‌ಲ್ಯಾಂಡರು ಕಂಡದ್ದು

ದಕ್ಷಿಣ ವೇಲ್ಸಿನ ಗವರ್ ಪರ್ಯಾಯದ್ವೀಪದ ತೀರದಲ್ಲಿ ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಸಾಲೊಂದಿದೆ. ಅದರಲ್ಲಿ ಸಮುದ್ರದ ಕಡೆಗೆ ಬಾಯಿ ತೆರೆದಿರುವ ಗುಹೆಯೊಂದಕ್ಕೆ ಸ್ಥಳೀಯರು 'ಮೇಕೆಗಳ ಗವಿ' ಎಂಬರ್ಥದ ಹೆಸರನ್ನಿಟ್ಟಿದ್ದರು. 1822ರ ಕೊನೆಯಲ್ಲಿ ಹತ್ತಿರದ ಊರಿನ ವೈದ್ಯರೊಬ್ಬರೂ ಅಲ್ಲಿನ ಸಹಾಯಕ ಗುರುಗಳೂ ಆ ಗುಹೆಯಲ್ಲಿ ಪ್ರಾಣಿಗಳ ಮೂಳೆಗಳನ್ನೂ ಮಹಾಗಜದ ದಂತವನ್ನೂ ಕಂಡರು. ಸುದ್ದಿ ಆಕ್ಸ್‌ಫರ್ಡಿಗೆ ತಲುಪಿತು. 1823ರ ಜನವರಿಯಲ್ಲಿ ವಿಲಿಯಂ ಬಕ್‌ಲ್ಯಾಂಡ್ ಅಲ್ಲಿಗೆ ಬಂದರು.

ಬಕ್‌ಲ್ಯಾಂಡರು (1784–1856) ಆಂಗ್ಲಿಕನ್ ಸಭೆಯ ಗುರುಗಳು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಉಪನ್ಯಾಸಕರು. ಮುಂದೆ 1845ರಲ್ಲಿ ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದ ಡೀನ್ ಆದವರು. ಅವರನ್ನು ವಿಜ್ಞಾನದ ವೈರಿಯೆಂದು ಚಿತ್ರಿಸುವುದು ಅನ್ಯಾಯವಾಗುತ್ತದೆ. ಭೂಮಿಯ ವಯಸ್ಸು ಆರು ಸಾವಿರ ವರ್ಷವೆಂಬ ಲೆಕ್ಕವನ್ನು ಅವರು ಒಪ್ಪಿರಲಿಲ್ಲ. ಯಾರ್ಕ್‌ಷೈರಿನ ಕಿರ್ಕ್‌ಡೇಲ್ ಗುಹೆಯಲ್ಲಿ ಸಿಕ್ಕ ಆನೆ, ಖಡ್ಗಮೃಗ, ನೀರಾನೆಗಳ ಮೂಳೆಗಳು ಪ್ರಳಯದ ನೀರಿನಲ್ಲಿ ದೂರದಿಂದ ತೇಲಿಬಂದವಲ್ಲ, ಅಲ್ಲಿಯೇ ವಾಸವಾಗಿದ್ದ ಕತ್ತೆಕಿರುಬಗಳು ಎಳೆದು ತಂದು ಕಡಿದವು ಎಂದು ಹಲ್ಲಿನ ಗುರುತುಗಳಿಂದಲೇ ತೋರಿಸಿಕೊಟ್ಟು, 1822ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಪಡೆದಿದ್ದರು. ಆದರೆ ಒಂದು ವಿಷಯದಲ್ಲಿ ಅವರ ಮನಸ್ಸು ಆಗಲೇ ತೀರ್ಮಾನಕ್ಕೆ ಬಂದಿತ್ತು. ಅಳಿದುಹೋದ ಪ್ರಾಣಿಗಳು ನೋವನ ಕಾಲದ ಜಲಪ್ರಳಯಕ್ಕೆ ಮೊದಲಿನವು. ಇಂಗ್ಲೆಂಡಿನ ಗುಹೆಗಳಲ್ಲಿ ಸಿಗುವ ಮನುಷ್ಯನ ಮೂಳೆಗಳೆಲ್ಲ ಪ್ರಳಯದ ನಂತರದವು. ಇದು ಕೇವಲ ಧಾರ್ಮಿಕ ಪೂರ್ವಗ್ರಹವೂ ಆಗಿರಲಿಲ್ಲ. ಅಳಿದ ಪ್ರಾಣಿಗಳೊಡನೆ ಮನುಷ್ಯನ ಅವಶೇಷ ದೊರೆತದ್ದಕ್ಕೆ ನಂಬಲರ್ಹವಾದ ಆಧಾರವಿಲ್ಲವೆಂಬುದು ಆ ಕಾಲದ ಶ್ರೇಷ್ಠ ಅಂಗರಚನಾ ಶಾಸ್ತ್ರಜ್ಞರಾದ ಫ್ರಾನ್ಸಿನ ಕುವ್ಯೇ ಅವರ ಮತವೂ ಆಗಿತ್ತು.

ಗುಹೆಯಲ್ಲಿ ಬಕ್‌ಲ್ಯಾಂಡರಿಗೆ ಸಿಕ್ಕದ್ದು ಒಬ್ಬ ಮನುಷ್ಯನ ಅಸ್ಥಿಪಂಜರದ ಬಹುಮಟ್ಟಿಗೆ ಎಡಭಾಗ. ತಲೆಬುರುಡೆ ಇರಲಿಲ್ಲ. ಮೂಳೆಗಳೆಲ್ಲ ಕಾವಿಮಣ್ಣಿನಿಂದ ಕಡುಗೆಂಪಾಗಿದ್ದವು. ತೊಡೆಯ ಬಳಿ ಎರಡು ಹಿಡಿಯಷ್ಟು ಸಣ್ಣ ಕಡಲಚಿಪ್ಪುಗಳು. ಪಕ್ಕೆಲುಬುಗಳ ಬಳಿ ದಂತದಿಂದ ಕಡೆದ ನಲವತ್ತು ಐವತ್ತು ಕಡ್ಡಿಗಳ ತುಂಡುಗಳು. ಜೊತೆಗೆ ದಂತದ ಬಳೆಗಳ ಚೂರುಗಳು. ಇವುಗಳಿಗೂ ಕೆಂಪು ಹತ್ತಿತ್ತು. ಹತ್ತಿರದಲ್ಲಿಯೇ ಮಹಾಗಜದ ತಲೆಯೂ ಇತ್ತು.

2. ಅವರು ಊಹಿಸಿದ್ದು

ಈ ಮೃತ ವ್ಯಕ್ತಿ ಯಾರು? ಕಳ್ಳಸಾಗಣೆದಾರರ ಕೈಯಲ್ಲಿ ಸತ್ತ ಸುಂಕದ ಅಧಿಕಾರಿಯಿರಬೇಕೆಂದು ಬಕ್‌ಲ್ಯಾಂಡರು ಮೊದಲು ಭಾವಿಸಿದರು. ಆಮೇಲೆ ಆಭರಣಗಳನ್ನು ಕಂಡು, ಹೆಂಗಸು ಎಂದರು. ಪತ್ರವೊಂದರಲ್ಲಿ ತಮಾಷೆಗೆ ಮಾಟಗಾತಿಯೆಂದೂ ಕರೆದರು. ಗುಹೆಯ ನೆತ್ತಿಯ ಮೇಲೆ ಹಳೆಯ ಸೈನಿಕ ಶಿಬಿರವೊಂದರ ಕುರುಹುಗಳಿದ್ದವು. ಅದೇ ವರ್ಷ ಪ್ರಕಟವಾದ 'ರೆಲಿಕ್ವಿಯೇ ಡಿಲುವಿಯಾನೇ' ಎಂಬ ತಮ್ಮ ಗ್ರಂಥದಲ್ಲಿ ಅವರು ಆ ಶಿಬಿರವನ್ನೂ ಈ ಮೂಳೆಗಳನ್ನೂ ಜೋಡಿಸಿ, ಹೆಚ್ಚುಕಡಿಮೆ ರೋಮನ್ನರ ಕಾಲದಲ್ಲಿ ಶಿಬಿರದ ಆಶ್ರಯದಲ್ಲಿ ಜೀವನೋಪಾಯ ಕಂಡುಕೊಂಡಿದ್ದ ಹೆಂಗಸು ಎಂದು ಸೂಚಿಸಿದರು. ಆ ಜೀವನೋಪಾಯ ಯಾವ ಬಗೆಯದೆಂದು ಬಿಡಿಸಿ ಹೇಳದಿದ್ದರೂ ಓದುಗರಿಗೆ ಅರ್ಥವಾಗುವಂತೆ ಬರೆದರು. 'ಪ್ಯಾವಿಲ್ಯಾಂಡಿನ ಕೆಂಪು ಮಹಿಳೆ' ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಬಕ್‌ಲ್ಯಾಂಡರ ಕಣ್ಣು ಅವರಿಗೆ ಮೋಸ ಮಾಡಿರಲಿಲ್ಲ. ತಾವು ಹಿಡಿದ ದಂತದ ಕಡ್ಡಿಗಳು ಈಗ ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣವಾಗಿವೆ, ಕಡೆದಾಗ ಅವು ಗಟ್ಟಿಯಾಗಿದ್ದಿರಲೇಬೇಕು, ಆದ್ದರಿಂದ ಬಹು ಪ್ರಾಚೀನ ಎಂದು ಅವರೇ ಬರೆದಿದ್ದಾರೆ. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟಿದ್ದರೆ, ಕಡೆದ ಕೈಯೂ ಆ ಆನೆಯ ಕಾಲದ್ದೇ ಎಂಬ ತೀರ್ಮಾನಕ್ಕೆ ಅವರು ಬರಬಹುದಿತ್ತು. ಬದಲಿಗೆ, ಪ್ರಳಯಕ್ಕೆ ಮೊದಲಿನ ದಂತವು ಗುಹೆಯಲ್ಲಿ ಬಿದ್ದಿತ್ತು, ಬಹುಕಾಲದ ನಂತರ ಬಂದ ಜನರು ಅದನ್ನು ಅಗೆದು ತೆಗೆದು ಆಭರಣ ಮಾಡಿಕೊಂಡರು ಎಂದು ಸಮಾಧಾನ ಹೇಳಿಕೊಂಡರು. ಸಾಕ್ಷ್ಯವು ಒಂದು ಮಾತು ಹೇಳುತ್ತಿತ್ತು. ಕೇಳುವವರಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು. ಬಕ್‌ಲ್ಯಾಂಡರ ತಪ್ಪು ಇಲ್ಲಿದೆ. ಅದನ್ನು ಅವರ ವಿಶ್ವಾಸದ ಮೇಲೆ ಹೊರಿಸಬೇಕಾಗಿಲ್ಲ. ಆಭರಣವಿದ್ದರೆ ಹೆಂಗಸು, ಶಿಬಿರದ ಬಳಿಯಿದ್ದರೆ ಇಂಥ ಹೆಂಗಸು ಎಂಬ ತೀರ್ಪಿಗೆ ಪ್ರಳಯದ ನಂಬಿಕೆಯೇನೂ ಬೇಕಿರಲಿಲ್ಲ, ಅವಸರ ಸಾಕಾಗಿತ್ತು.

ಬಕ್‌ಲ್ಯಾಂಡರಿಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸೋಣ. 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು, ಈ ನಿಕ್ಷೇಪಗಳಿಗೆ ನೋವನ ಪ್ರಳಯವೇ ಕಾರಣವೆಂಬ ತಮ್ಮ ಹಳೆಯ ವಾದವನ್ನು ಬಹಿರಂಗವಾಗಿ ಕೈಬಿಟ್ಟರು. 1840ರ ವೇಳೆಗೆ ಬ್ರಿಟನ್ನಿನ ಆ ಕೆಸರು ಕಲ್ಲುಗಳನ್ನು ಹರಡಿದ್ದು ಹಿಮನದಿಗಳೆಂಬ ಅಗಾಸೀಸರ ಮತವನ್ನು ಒಪ್ಪಿಕೊಂಡರು. ತಾನು ಬೋಧಿಸಿದ್ದನ್ನು ತಾನೇ ತಿದ್ದಿಕೊಳ್ಳುವ ಧೈರ್ಯ ಬೋಧಕರಲ್ಲಿ ವಿರಳ.

3. ಮೆಕ್‌ಎನರಿಯವರ ಮೌನ

ಪ್ಯಾವಿಲ್ಯಾಂಡಿನಿಂದ ಆಗ್ನೇಯಕ್ಕೆ, ಕೊಲ್ಲಿಯ ಆಚೆಗೆ, ಡೆವನ್ ಪ್ರಾಂತದ ಟಾರ್ಕಿ ಪಟ್ಟಣದ ಬಳಿ ಕೆಂಟ್ಸ್ ಕ್ಯಾವರ್ನ್ ಎಂಬ ಇನ್ನೊಂದು ಗುಹೆಯಿದೆ. ಐರ್ಲೆಂಡಿನಿಂದ ಬಂದು ಅಲ್ಲಿನ ಕಥೋಲಿಕ ಮನೆತನವೊಂದರ ಆಧ್ಯಾತ್ಮಿಕ ಗುರುಗಳಾಗಿದ್ದ ಫಾದರ್ ಜಾನ್ ಮೆಕ್‌ಎನರಿಯವರು 1825ರಿಂದ ಕೆಲವು ವರ್ಷ ಆ ಗುಹೆಯನ್ನು ಅಗೆದರು. ಗುಹೆಯ ನೆಲದ ಮೇಲೆ, ಸಾವಿರಾರು ವರ್ಷ ತೊಟ್ಟಿಕ್ಕಿದ ನೀರಿನಿಂದ ಹೆಪ್ಪುಗಟ್ಟಿದ ಸುಣ್ಣಕಲ್ಲಿನ ದಪ್ಪ ಹಾಸೊಂದು ಹರಡಿತ್ತು. ಆ ಹಾಸನ್ನು ಒಡೆದು ನೋಡಿದಾಗ, ಅದರ ಕೆಳಗಿನ ಮಣ್ಣಿನಲ್ಲಿ ಅಳಿದುಹೋದ ಪ್ರಾಣಿಗಳ ಹಲ್ಲು ಮೂಳೆಗಳ ಜೊತೆಯಲ್ಲಿಯೇ ಮನುಷ್ಯನ ಕೈಯಿಂದ ರೂಪುಗೊಂಡ ಚಕಮಕಿ ಕಲ್ಲಿನ ಉಪಕರಣಗಳಿದ್ದವು. ಮುದ್ರೆ ಹಾಕಿ ಮುಚ್ಚಿದ ಪಾತ್ರೆಯೊಳಗೆ ಎರಡೂ ಒಟ್ಟಿಗಿದ್ದರೆ ಒಟ್ಟಿಗೇ ಒಳಗೆ ಹೋಗಿರಬೇಕು. ಮನುಷ್ಯನೂ ಆ ಪ್ರಾಣಿಗಳೂ ಒಂದೇ ಕಾಲದವರು ಎಂದು ಮೆಕ್‌ಎನರಿಯವರಿಗೆ ತೋರಿತು.

ಅವರು ಬಕ್‌ಲ್ಯಾಂಡರ ಅಭಿಪ್ರಾಯ ಕೇಳಿದರು. ಪ್ರಾಚೀನ ಬ್ರಿಟನ್ನರು ಒಲೆ ಹೂಡಲು ಆ ಸುಣ್ಣದ ಹಾಸಿನಲ್ಲಿ ಕುಳಿ ತೋಡಿರಬೇಕು, ಅವರ ಉಪಕರಣಗಳು ಆ ಕುಳಿಗಳ ಮೂಲಕ ಕೆಳಗೆ ಬಿದ್ದಿರಬೇಕು ಎಂಬ ಉತ್ತರ ಬಂತು. ಮೆಕ್‌ಎನರಿಯವರಿಗೆ ತಾವು ಅಗೆದ ಕಡೆಯಲ್ಲಿ ಅಂಥ ಕುಳಿಗಳು ಕಂಡಿರಲಿಲ್ಲ. ಆದರೂ ಅವರು ವಿಶ್ವವಿದ್ಯಾಲಯದ ಮಹಾಪಂಡಿತರ ಮುಂದೆ ತಮ್ಮ ಕಣ್ಣನ್ನೇ ಸಂದೇಹಿಸಿದರು. ಗ್ರಂಥ ಹೊರತರುವುದಾಗಿ ಪ್ರಕಟಣೆ ಹೊರಟಿತ್ತು, ಚಿತ್ರಫಲಕಗಳು ಸಿದ್ಧವಾಗಿದ್ದವು, ಗ್ರಂಥ ಹೊರಬರಲಿಲ್ಲ. 1841ರಲ್ಲಿ ಅವರು ನಿಧನರಾದರು. ಹಸ್ತಪ್ರತಿಯ ಕೆಲವು ಭಾಗ 1859ರಲ್ಲಿಯೂ, ಪೂರ್ಣಪಾಠ 1869ರಲ್ಲಿ ವಿಲಿಯಂ ಪೆಂಗೆಲಿಯವರ ಸಂಪಾದನೆಯಲ್ಲಿಯೂ ಬೆಳಕು ಕಂಡವು.

ಆ ವೇಳೆಗೆ ಸತ್ಯವು ಬೇರೆ ದಾರಿಯಿಂದ ಹೊರಬಂದಿತ್ತು. 1858ರಲ್ಲಿ ಟಾರ್ಕಿಗೆ ಸಮೀಪದ ಬ್ರಿಕ್ಸಮ್ ಗುಹೆಯನ್ನು ಪೆಂಗೆಲಿಯವರು ಪದರ ಪದರವಾಗಿ, ಪ್ರತಿ ವಸ್ತುವಿನ ಸ್ಥಾನವನ್ನು ದಾಖಲಿಸುತ್ತ ಅಗೆಸಿದಾಗ, ಒಡೆಯದ ಸುಣ್ಣದ ಹಾಸಿನ ಕೆಳಗೆ ಅದೇ ಸಹವಾಸ ಕಂಡಿತು. 1859ರಲ್ಲಿ ಪ್ರೆಸ್ಟ್‌ವಿಚ್ ಮತ್ತು ಎವನ್ಸ್ ಫ್ರಾನ್ಸಿನ ಸೋಮ್ ನದಿಯ ಕಣಿವೆಯ ಸಾಕ್ಷ್ಯವನ್ನೂ ಪರೀಕ್ಷಿಸಿ ಬಂದು, ಮನುಷ್ಯನ ಪ್ರಾಚೀನತೆಯನ್ನು ವಿದ್ವತ್ಸಭೆಗಳ ಮುಂದೆ ಸಾರಿದರು. ಆ ಅಲೆ ನಮ್ಮ ನಾಡನ್ನೂ ತಲುಪಿತು. ಆ ಸಂಶೋಧನೆಗಳ ಸುದ್ದಿಯಿಂದ ಪ್ರೇರಿತರಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದರು; ಮುಂದೆ ಬಳ್ಳಾರಿಯ ಬೆಟ್ಟಗಳ ಪ್ರಾಗಿತಿಹಾಸದ ನೆಲೆಗಳನ್ನೂ ಬೆಳಕಿಗೆ ತಂದರು.

ಮೆಕ್‌ಎನರಿಯವರ ಮೌನಕ್ಕೆ ಭಯ ಮಾತ್ರ ಕಾರಣವೆನ್ನಲಾಗದು, ವಿನಯವೂ ಇತ್ತು. ಆದರೆ ತಾನು ಕಂಡದ್ದನ್ನು ಕಂಡಂತೆ ಹೇಳದಿರುವ ವಿನಯವು ಸಾಕ್ಷಿಯ ಕರ್ತವ್ಯದಿಂದ ಬಿಡುಗಡೆ ಕೊಡುವುದಿಲ್ಲ. ಗುರುಮಠಗಳಲ್ಲಿ ವಿಧೇಯತೆಯನ್ನು ಕಲಿಸುವ ನಾವು ಈ ಭೇದವನ್ನೂ ಕಲಿಸಬೇಕು. ಮೇಲಿನವರ ಮಾತಿಗೆ ತಲೆಬಾಗುವುದು ಬೇರೆ. ಅವರ ಮಾತಿಗೆ ಹೊಂದಲೆಂದು ತನ್ನ ಕಣ್ಣಿನ ಸಾಕ್ಷಿಯನ್ನು ಅಡಗಿಸುವುದು ಬೇರೆ.

4. ಕಾಲವನ್ನು ಎಣಿಸಿದ ಬಗೆ

1912ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಸೋಲಾಸ್ ಅವರು ಪ್ಯಾವಿಲ್ಯಾಂಡ್ ಗುಹೆಯನ್ನು ಮತ್ತೆ ಅಗೆದರು. ಗುಹಾಚಿತ್ರಗಳ ಅಧ್ಯಯನಕ್ಕೆ ಹೆಸರಾದ ಫ್ರಾನ್ಸಿನ ಗುರು ಆಂರಿ ಬ್ರಯ್ ಅವರ ನೆರವೂ ಈ ಕೆಲಸಕ್ಕೆ ದೊರೆಯಿತು. ಈ ವೇಳೆಗೆ ಫ್ರಾನ್ಸಿನ ಕ್ರೋಮನ್ಯೋನ್‌ನಲ್ಲಿಯೂ ಇಟಲಿಯ ಗಡಿಯ ಗ್ರಿಮಾಲ್ದಿ ಗುಹೆಗಳಲ್ಲಿಯೂ ಪ್ರಾಚೀನ ಶವಸಂಸ್ಕಾರಗಳು ಬೆಳಕಿಗೆ ಬಂದಿದ್ದವು. ಅವುಗಳೊಡನೆ ಹೋಲಿಸಿ ನೋಡಿದಾಗ ಪ್ಯಾವಿಲ್ಯಾಂಡಿನ ಮೃತನು ಹಳೆಯ ಶಿಲಾಯುಗದವನೆಂದೂ ಗಂಡಸೆಂದೂ ಸ್ಪಷ್ಟವಾಯಿತು. ತೊಂಬತ್ತು ವರ್ಷ ಹೆಂಗಸೆಂದು ಕರೆಸಿಕೊಂಡವನು ಸುಮಾರು 25ರಿಂದ 30 ವರ್ಷ ವಯಸ್ಸಿನ ಯುವಕ. ಆದರೆ ಎಷ್ಟು ಸಾವಿರ ವರ್ಷಗಳ ಹಿಂದಿನವನು ಎಂದು ಹೇಳುವ ಸಾಧನ ಆಗ ಇರಲಿಲ್ಲ.

ಆ ಸಾಧನವನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲಾರ್ಡ್ ಲಿಬಿ ರೂಪಿಸಿದರು. ಅದಕ್ಕಾಗಿ 1960ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದರ ತತ್ತ್ವ ಸರಳ. ಗಾಳಿಯಲ್ಲಿ ಸಾಮಾನ್ಯ ಕಾರ್ಬನ್ನಿನ ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ ಕಾರ್ಬನ್-14 ಎಂಬ ಅಸ್ಥಿರ ರೂಪವೂ ಇರುತ್ತದೆ. ಗಿಡಗಳು ಅದನ್ನು ಗಾಳಿಯಿಂದಲೂ, ಪ್ರಾಣಿಗಳೂ ಮನುಷ್ಯರೂ ಆಹಾರದಿಂದಲೂ ಪಡೆಯುತ್ತಾರೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು ಪ್ರತಿ 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುತ್ತದೆ. ಉಳಿದಿರುವುದನ್ನು ಅಳೆದರೆ ಸಾವಿನ ಕಾಲ ತಿಳಿಯುತ್ತದೆ. ಸುಮಾರು 50,000 ವರ್ಷಗಳಾಚೆಗೆ ಅಳೆಯುವಷ್ಟು ಉಳಿದಿರುವುದಿಲ್ಲ.

ಈ ವಿಧಾನದಿಂದ ಪ್ಯಾವಿಲ್ಯಾಂಡಿನ ಮೂಳೆಗೆ 1960ರ ದಶಕದಲ್ಲಿ ಬಂದ ಮೊದಲ ಉತ್ತರ 18,460 ವರ್ಷ. ಆಗಿನ ಯಂತ್ರಗಳು ಕ್ಷಯಿಸುವ ಕಣಗಳನ್ನು ಒಂದೊಂದಾಗಿ ಕಾದು ಎಣಿಸಬೇಕಾಗಿತ್ತು. ಅದಕ್ಕೆ ಹೆಚ್ಚು ಮೂಳೆಯೂ ಬೇಕಾಗುತ್ತಿತ್ತು. ಮುಂದೆ ಕಾರ್ಬನ್-14ರ ಪರಮಾಣುಗಳನ್ನೇ ನೇರವಾಗಿ ಎಣಿಸುವ ವೇಗವರ್ಧಕ ಯಂತ್ರಗಳು ಬಂದು, ಕೆಲವೇ ಮಿಲಿಗ್ರಾಂ ಕಾರ್ಬನ್ ಸಾಕಾಯಿತು. 1989ರ ಉತ್ತರ 26,350 ವರ್ಷ. ಆಮೇಲೆ ರೋಜರ್ ಜೇಕಬಿ ಮತ್ತು ಟಾಮ್ ಹೈಯಮ್ ಅವರು ಮೂಳೆಯಲ್ಲಿನ ಕೊಲಾಜೆನ್ ಎಂಬ ಸಸಾರಜನಕವನ್ನು ಅತಿಸೂಕ್ಷ್ಮ ಸೋಸುವಿಕೆಗೆ ಒಳಪಡಿಸಿ, ಒಡೆದ ಚಿಕ್ಕ ಅಣುಗಳನ್ನೂ ಅವುಗಳೊಡನೆ ಸೇರಿಕೊಂಡ ಕಲ್ಮಶವನ್ನೂ ಬಿಟ್ಟು, ಉದ್ದನೆಯ ಶುದ್ಧ ಸರಪಳಿಗಳನ್ನು ಮಾತ್ರ ಅಳೆದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶ ಸುಮಾರು 29,000 ರೇಡಿಯೋಕಾರ್ಬನ್ ವರ್ಷ. ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವಾದ್ದರಿಂದ ಈ ವರ್ಷಗಳನ್ನು ಪಂಚಾಂಗದ ವರ್ಷಗಳಿಗೆ ಪರಿವರ್ತಿಸಬೇಕಾಗುತ್ತದೆ. ಹಾಗೆ ಮಾಡಿದಾಗ ದೊರೆಯುವುದು 33,000ದಿಂದ 34,000 ವರ್ಷ.

5. ಒಂದೇ ಕಡೆಗೆ ಏಕೆ?

ಈಗ ಆ ಯುವತಿಯ ಪ್ರಶ್ನೆಗೆ ಬರೋಣ. 29,000 ರೇಡಿಯೋಕಾರ್ಬನ್ ವರ್ಷ ತೋರುವ ಮೂಳೆಯಲ್ಲಿ, ಹೊಸ ಮೂಳೆಯಲ್ಲಿರುವ ಕಾರ್ಬನ್-14ರ ಶೇಕಡ 3ಕ್ಕಿಂತ ಕಡಿಮೆ ಉಳಿದಿರುತ್ತದೆ. ಅಂಥ ಮೂಳೆಗೆ ಮಣ್ಣಿನಿಂದಲೋ ಬೇರುಗಳಿಂದಲೋ, ಸಂಗ್ರಹಾಲಯದಲ್ಲಿ ಮೂಳೆ ಪುಡಿಯಾಗದಿರಲೆಂದು ಬಳಿದ ಅಂಟಿನಿಂದಲೋ ಹೊಸ ಕಾರ್ಬನ್ ಸೇರಿತೆನ್ನೋಣ. ಆ ಸೇರ್ಪಡೆ ಶೇಕಡ 1ರಷ್ಟಾದರೂ ಸಾಕು, ಫಲಿತಾಂಶ ಸುಮಾರು ಎರಡೂವರೆ ಸಾವಿರ ವರ್ಷ ಈಚೆಗೆ ಬರುತ್ತದೆ. ಬಹು ಹಳೆಯ ಮೂಳೆಗೆ ಸೇರುವ ಕಲ್ಮಶ ಸಾಮಾನ್ಯವಾಗಿ ಅದಕ್ಕಿಂತ ಹೊಸದೇ ಆಗಿರುವುದರಿಂದ, ಅದು ಮೂಳೆಯನ್ನು ಇರುವುದಕ್ಕಿಂತ ಎಳೆಯದಾಗಿ ತೋರಿಸುತ್ತದೆ. ಆದ್ದರಿಂದ ಶುದ್ಧೀಕರಣ ಹೆಚ್ಚಿದಂತೆಲ್ಲ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ನಾವು ಶಿಬಿರದಲ್ಲಿ ಚಂಚಲತೆಯೆಂದು ತೋರಿಸಿದ್ದು ವಾಸ್ತವದಲ್ಲಿ ಕನ್ನಡಿಯನ್ನು ಒರೆಸಿದಷ್ಟೂ ಮುಖ ಸ್ಪಷ್ಟವಾಗುತ್ತ ಹೋದ ಕ್ರಮ. ನಮ್ಮ ಪಟ್ಟಿಯಲ್ಲಿ ಇನ್ನೂ ಒಂದು ದೋಷವಿತ್ತು: ರೇಡಿಯೋಕಾರ್ಬನ್ ವರ್ಷಗಳನ್ನೂ ಪಂಚಾಂಗದ ವರ್ಷಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ವ್ಯತ್ಯಾಸವನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಿಸಿದ್ದೆವು.

ಹಾಗಾದರೆ ಈ ವಿಧಾನವು ಎಲ್ಲವನ್ನೂ ಹಳೆಯದಾಗಿಸುವ ಪಕ್ಷಪಾತಿಯೇ? ಅಲ್ಲ. ಜರ್ಮನಿಯ ಫೋಗೆಲ್‌ಹೆರ್ಡ್ ಗುಹೆಯ ಮಾನವ ಮೂಳೆಗಳು ಮೂವತ್ತು ಸಾವಿರ ವರ್ಷಕ್ಕೂ ಹಳೆಯವೆಂದು ದಶಕಗಳ ಕಾಲ ವಿದ್ವಾಂಸರು ನಂಬಿದ್ದರು. 2004ರಲ್ಲಿ ಮೂಳೆಗಳನ್ನೇ ನೇರವಾಗಿ ಅಳೆದಾಗ ಅವು ನಾಲ್ಕೈದು ಸಾವಿರ ವರ್ಷಗಳವು ಮಾತ್ರ ಎಂದು ತಿಳಿದುಬಂತು. ನಂತರದ ಕಾಲದ ಶವಗಳನ್ನು ಹಳೆಯ ಪದರದಲ್ಲಿ ಹೂಳಲಾಗಿತ್ತು. ವಿದ್ವಾಂಸರಿಗೆ ಪ್ರಿಯವಾಗಿದ್ದ ಆಧಾರವೊಂದು ಹೀಗೆ ಕೈತಪ್ಪಿತು. ಅವರು ಅದನ್ನು ಮುಚ್ಚಿಡದೆ ತಾವೇ ಪ್ರಕಟಿಸಿದರು.

ಮೆಕ್‌ಎನರಿಯವರ ಗುಹೆಯೂ ಇದೇ ಪಾಠ ಹೇಳುತ್ತದೆ. ಅಲ್ಲಿ 1927ರಲ್ಲಿ ದೊರೆತ ಮನುಷ್ಯನ ಮೇಲ್ದವಡೆಯ ತುಂಡೊಂದಕ್ಕೆ 1989ರಲ್ಲಿ ಸುಮಾರು 31,000 ರೇಡಿಯೋಕಾರ್ಬನ್ ವರ್ಷವೆಂಬ ಉತ್ತರ ಬಂದಿತ್ತು. ದವಡೆಗೆ ಅಂಟು ಬಳಿದದ್ದು ಸಂದೇಹಕ್ಕೆ ಕಾರಣವಾಯಿತು. ಮತ್ತೆ ಅಳೆಯುವಷ್ಟು ಕೊಲಾಜೆನ್ ಉಳಿದಿರಲಿಲ್ಲ. ಸಂಶೋಧಕರು ಅದರ ಮೇಲೂ ಕೆಳಗೂ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಅಳೆದು, ನಡುವಿನದರ ಕಾಲ 41,500ರಿಂದ 44,200 ವರ್ಷವೆಂದು 2011ರಲ್ಲಿ ಅಂದಾಜಿಸಿದರು. ಹಳೆಯ ಅಗೆತದ ದಾಖಲೆಗಳು ಅಷ್ಟು ಭಾರ ಹೊರಬಲ್ಲವೇ ಎಂದು ಬೇರೆ ವಿದ್ವಾಂಸರು ಆಕ್ಷೇಪ ಎತ್ತಿದರು. ಸಾಕ್ಷಿಯನ್ನು ಹೀಗೆ ಅಡ್ಡಸವಾಲಿಗೆ ಒಳಪಡಿಸುವುದನ್ನು ನಾವು ದೌರ್ಬಲ್ಯವೆಂದು ಭಾವಿಸಬಾರದು. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೀರ್ಪು ಕೊಡಬಾರದೆಂಬ ಧರ್ಮೋಪದೇಶಕಾಂಡದ ನಿಯಮವನ್ನು ಓದಿದವರಿಗೆ ಇದು ಪರಕೀಯವೆನಿಸಬಾರದು.

6. ಧರ್ಮಸಭೆಯ ಬೋಧನೆಯ ಹಾದಿ

ಈ ವಿಷಯದಲ್ಲಿ ನಮ್ಮ ಪರಂಪರೆ ಬರಿಗೈಯಲ್ಲಿಲ್ಲ. ಆದಿಕಾಂಡವನ್ನು ವ್ಯಾಖ್ಯಾನಿಸುತ್ತ ಸಂತ ಅಗುಸ್ಟೀನರು, ಭೂಮಿ ಆಕಾಶಗಳ ವಿಷಯದಲ್ಲಿ ಕ್ರೈಸ್ತರು ಪವಿತ್ರಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ, ಅದನ್ನು ಅನುಭವದಿಂದ ಬಲ್ಲ ಅನ್ಯರು ಪುನರುತ್ಥಾನದ ಕುರಿತ ಅದೇ ಗ್ರಂಥದ ಮಾತನ್ನು ಹೇಗೆ ನಂಬಿಯಾರು ಎಂದು ಎಚ್ಚರಿಸಿದ್ದಾರೆ. ಜಗದ್ಗುರು ಹನ್ನೆರಡನೆಯ ಪಿಯೂಸರು 1943ರಲ್ಲಿ ಪವಿತ್ರಗ್ರಂಥದ ಸಾಹಿತ್ಯ ಪ್ರಕಾರಗಳ ಅಧ್ಯಯನಕ್ಕೆ ಪ್ರೋತ್ಸಾಹವಿತ್ತರು. 1950ರ 'ಹುಮಾನಿ ಜೆನೆರಿಸ್' ಪರಿಪತ್ರದಲ್ಲಿ, ಆತ್ಮವು ದೇವರಿಂದಲೇ ನೇರವಾಗಿ ಸೃಷ್ಟಿಯಾಗುತ್ತದೆಂಬ ವಿಶ್ವಾಸವನ್ನು ಉಳಿಸಿಕೊಂಡು, ಮಾನವ ದೇಹದ ಮೂಲದ ಕುರಿತ ಸಂಶೋಧನೆಗೆ ಅವಕಾಶವಿದೆಯೆಂದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ 'ದೇಯಿ ವೆರ್ಬುಮ್' ಸಂವಿಧಾನದಲ್ಲಿ ಸಾಹಿತ್ಯ ಪ್ರಕಾರಗಳ ತತ್ತ್ವವನ್ನು ದೃಢಪಡಿಸಿತು. 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನದಲ್ಲಿ, ವಿಜ್ಞಾನದ ನ್ಯಾಯಬದ್ಧ ಸ್ವಾಯತ್ತತೆಯನ್ನು ಅರಿಯದ ಮನೋಭಾವವು ಕ್ರೈಸ್ತರಲ್ಲಿಯೂ ಇದ್ದುದಕ್ಕೆ ವಿಷಾದಿಸಿತು. 1996ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ವಿಕಾಸವಾದವನ್ನು ಇನ್ನು ಬರಿಯ ಊಹೆಯೆಂದು ಕಾಣಲಾಗದೆಂದು ಪೊಂಟಿಫಿಕಲ್ ವಿಜ್ಞಾನ ಅಕಾಡೆಮಿಗೆ ಬರೆದರು.

ಇದರಿಂದ ಎಲ್ಲ ತೊಡಕುಗಳೂ ಬಗೆಹರಿದವೆಂದು ಹೇಳುವುದು ಪ್ರಾಮಾಣಿಕವಾಗದು. ಸಮಸ್ತ ಮಾನವಕುಲಕ್ಕೆ ಒಂದೇ ಮೂಲದಂಪತಿ ಎಂಬುದನ್ನು ಹೇಗೆ ಗ್ರಹಿಸಬೇಕು, ಮೂಲಪಾಪದ ಸಿದ್ಧಾಂತವನ್ನು ಅದರೊಡನೆ ಹೇಗೆ ಹೊಂದಿಸಬೇಕು ಎಂಬ ವಿಷಯದಲ್ಲಿ 'ಹುಮಾನಿ ಜೆನೆರಿಸ್' ಎಚ್ಚರಿಕೆಯ ಮಾತನ್ನೂ ಹೇಳಿದೆ. ಆ ಚರ್ಚೆ ದೈವಶಾಸ್ತ್ರಜ್ಞರ ನಡುವೆ ಮುಂದುವರಿದಿದೆ. ಆದರೆ ಆ ಕಷ್ಟವನ್ನು ದೈವಶಾಸ್ತ್ರದ ಬಲದಿಂದಲೇ ಎದುರಿಸಬೇಕು. ಮೂಳೆಗಳ ವಯಸ್ಸನ್ನು ಸಂದೇಹಾಸ್ಪದವಾಗಿಸಿ ಅದರಿಂದ ನುಣುಚಿಕೊಳ್ಳುವುದು ಸಲ್ಲದು. ನಾವು ಶಿಬಿರದಲ್ಲಿ ಮಾಡಿದ್ದು ಅದನ್ನೇ. ಬಕ್‌ಲ್ಯಾಂಡರು ಅರಿಯದೆ ತಪ್ಪು ಸಾಕ್ಷಿ ಹೇಳಿದರು. ಮೆಕ್‌ಎನರಿಯವರು ಸರಿಯಾದ ಸಾಕ್ಷಿಯನ್ನು ನುಂಗಿಕೊಂಡರು. ನಾವು ನಿಜವಾದ ಸಂಗತಿಗಳನ್ನೇ ಸುಳ್ಳು ಅರ್ಥ ಬರುವಂತೆ ಜೋಡಿಸಿದೆವು. ಮೂರರಲ್ಲಿ ನಮ್ಮದೇ ಹೆಚ್ಚು ದೋಷಕರ. ಏಕೆಂದರೆ ಅವರಿಬ್ಬರಿಗೆ ಇಲ್ಲದಿದ್ದ ತಿಳಿವಳಿಕೆ ನಮ್ಮ ಕೈಗೆಟುಕುವಂತಿತ್ತು.

7. ಮೃತನಿಗೆ ಸಲ್ಲಬೇಕಾದದ್ದು

ಇಷ್ಟೆಲ್ಲ ಎಣಿಕೆಯ ನಡುವೆ ಮೃತನನ್ನು ಮರೆಯಬಾರದು. ಅವನು ಬದುಕಿದ್ದಾಗ ಸಮುದ್ರ ಗುಹೆಯ ಬಾಯಿಗೆ ಬರುತ್ತಿರಲಿಲ್ಲ. ಸಮುದ್ರದ ನೀರಿನ ಒಂದು ಪಾಲು ಹಿಮವಾಗಿ ಬಂಧಿತವಾಗಿದ್ದ ಆ ಕಾಲದಲ್ಲಿ ತೀರ ಸುಮಾರು 100 ಕಿಲೋಮೀಟರ್ ದೂರದಲ್ಲಿತ್ತು. ಗುಹೆಯ ಮುಂದೆ ಮಹಾಗಜಗಳು ಮೇಯುತ್ತಿದ್ದ ಹುಲ್ಲು ಬಯಲಿತ್ತು. ಆ ಚಳಿಯ ನಾಡಿನಲ್ಲಿ ಯಾರೋ ಒಬ್ಬ ಯುವಕ ಸತ್ತಾಗ, ಅವನ ಜೊತೆಗಿದ್ದವರು ಅವನನ್ನು ಮೃಗಗಳ ಪಾಲಿಗೆ ಬಿಟ್ಟುಹೋಗಲಿಲ್ಲ. ಗುಹೆಗೆ ತಂದು ಮಲಗಿಸಿದರು, ಕೆಂಪು ಮಣ್ಣು ಹಾಕಿದರು, ದಂತದ ಕಡ್ಡಿಗಳನ್ನೂ ಚಿಪ್ಪುಗಳನ್ನೂ ಮೈಮೇಲೆ ಇಟ್ಟರು. ಅವರು ಏನನ್ನು ನಂಬಿದ್ದರು, ಏನೆಂದು ಪ್ರಾರ್ಥಿಸಿದರು ಎಂಬುದನ್ನು ಮೂಳೆಗಳು ಹೇಳುವುದಿಲ್ಲ. ಪುನರುತ್ಥಾನದ ನಿರೀಕ್ಷೆಯನ್ನು ಅವರ ಬಾಯಲ್ಲಿ ತುರುಕುವುದು ಬಕ್‌ಲ್ಯಾಂಡರ ತಪ್ಪನ್ನೇ ಭಕ್ತಿಯ ವೇಷದಲ್ಲಿ ಮತ್ತೆ ಮಾಡಿದಂತೆ. ಆ ಶವ ಅವರಿಗೆ ಎಸೆಯಬಹುದಾದ ವಸ್ತುವಾಗಿರಲಿಲ್ಲ ಎಂಬಷ್ಟನ್ನು ಮಾತ್ರ ನಾವು ಧೈರ್ಯದಿಂದ ಹೇಳಬಲ್ಲೆವು.

ಅಬ್ರಹಾಮನಿಂದ ಇಂದಿನವರೆಗಿನ ಸುಮಾರು ನಾಲ್ಕು ಸಾವಿರ ವರ್ಷಗಳನ್ನೇ ನಾವು ರಕ್ಷಣೆಯ ಇತಿಹಾಸವೆಂದು ಬೋಧಿಸುತ್ತೇವೆ. ಈ ಯುವಕನ ಸಮಾಧಿಗೂ ಅಬ್ರಹಾಮನಿಗೂ ನಡುವೆ ಅದರ ಏಳುಪಟ್ಟು ಕಾಲ ಕಳೆದಿತ್ತು. ಆ ದೀರ್ಘಕಾಲದ ಸ್ತ್ರೀಪುರುಷರು ದೇವರ ಕಣ್ಣಿಗೆ ಬೀಳದವರಾಗಿದ್ದರೇ? ಕ್ರಿಸ್ತರು ಸಕಲರಿಗಾಗಿ ಪ್ರಾಣವಿತ್ತದ್ದರಿಂದ, ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಪವಿತ್ರಾತ್ಮರು ಎಲ್ಲರಿಗೂ ಆ ಪಾಸ್ಕ ರಹಸ್ಯದಲ್ಲಿ ಪಾಲುಗೊಳ್ಳುವ ಸಾಧ್ಯತೆಯನ್ನು ನೀಡುತ್ತಾರೆಂದು ನಾವು ನಂಬಬೇಕೆಂಬುದು ಮಹಾಸಭೆಯ ಬೋಧನೆ. ಕಾಲನಿರ್ಣಯದ ಅಂಕಿಗಳು ಈ ಬೋಧನೆಯ ವಿಸ್ತಾರವನ್ನು ನಮಗೆ ತೋರಿಸುತ್ತವೆ. ಅಂಕಿಯನ್ನು ಕುಗ್ಗಿಸಿದರೆ ದೇವರ ತಾಳ್ಮೆಯನ್ನೇ ಕುಗ್ಗಿಸಿ ಹೇಳಿದಂತಾಗುತ್ತದೆ.

ಮೂಳೆಗಳು ಇಂದಿಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿವೆ. ಅವು ತಮ್ಮ ನಾಡಿಗೆ ಮರಳಬೇಕೆಂಬ ಕೂಗು ವೇಲ್ಸಿನಲ್ಲಿ ಕೇಳಿಬರುತ್ತಿದೆ. ಗಂಡಸೆಂದು ತಿಳಿದು ಶತಮಾನ ಕಳೆದರೂ 'ಕೆಂಪು ಮಹಿಳೆ' ಎಂಬ ಹೆಸರು ಹೋಗಿಲ್ಲ. ಒಮ್ಮೆ ಹೊರಟ ತಪ್ಪು ಸಾಕ್ಷಿ ತಿದ್ದುಪಡಿಗಿಂತ ಹೆಚ್ಚು ಕಾಲ ಬಾಳುತ್ತದೆ. ಪ್ರಬೋಧನಾ ಪೀಠದಿಂದ ಆಡಿದ ಮಾತಿಗೆ ಈ ಆಯುಷ್ಯ ಇನ್ನೂ ದೀರ್ಘ. ನಾಳೆ ಧರ್ಮಕೇಂದ್ರಗಳಲ್ಲಿ ಇಂಥ ಪ್ರಶ್ನೆಗಳನ್ನು ಎದುರಿಸಲಿರುವ ಗುರುವಿದ್ಯಾರ್ಥಿಗಳು ಮೂಳೆಗಳ ವಿಜ್ಞಾನವನ್ನೆಲ್ಲ ಕಲಿಯಬೇಕಾಗಿಲ್ಲ. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ತಿಳಿದುಕೊಂಡು ಬಂದು ಉತ್ತರ ಕೊಡುವಷ್ಟು ಸತ್ಯನಿಷ್ಠೆ ಇದ್ದರೆ ಸಾಕು. ನಾವು ಆ ಯುವತಿಗೆ ಅಷ್ಟನ್ನೂ ಮಾಡದೆ ಮುಂದಿನ ಪ್ರಶ್ನೆಗೆ ಹೋದೆವು.

ಬಲಿಪೂಜೆಯ ನಾಲ್ಕನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ, ಕ್ರಿಸ್ತರ ಶಾಂತಿಯಲ್ಲಿ ಮೃತರಾದವರನ್ನು ನೆನೆದ ಕೂಡಲೇ ಧರ್ಮಸಭೆಯು, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಸಕಲ ಮೃತರನ್ನೂ ನೆನೆಯುತ್ತದೆ. ಆ ಮಾತನ್ನು ನಾವು ಎಷ್ಟೋ ವರ್ಷ ಅವಸರದಲ್ಲಿ ಉಚ್ಚರಿಸಿ ಮುಂದೆ ಹೋಗಿದ್ದೇವೆ. ಈಗ ಅಲ್ಲಿಗೆ ಬಂದಾಗ, ಹೆಸರು ತಿಳಿಯದ, ತಲೆಯಿಲ್ಲದ, ಕೆಂಪು ಮಣ್ಣು ಹೊದ್ದ ಆ ಯುವಕನೂ ಅವನನ್ನು ಹೊತ್ತು ತಂದ ಕೈಗಳೂ ನೆನಪಿಗೆ ಬರುತ್ತವೆ.